ಬಿಚ್ಚಿಟ್ಟ ಮೆಷಿನ್ನಿಗೆ ಪೂಜೆ

ಆಯುಧಪೂಜೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಅರವತ್ತೆರಡು ಪರ್ಸೆಂಟಿಗೆ ಬಂದು ಅಪ್‌ಗ್ರೇಡ್ ನಿಂತುಹೋಯಿತು. ಚಿಕ್ಕಬಾಣಾವರದ ರೂಮಿನಲ್ಲಿ ಕೂತು, ಲ್ಯಾಪ್‌ಟಾಪಿನಿಂದಲೇ ಕಾರ್ಖಾನೆಯ ಸರ್ವರಿಗೆ ಹೊಸ ಸಾಫ್ಟ್‌ವೇರ್ ಏರಿಸುತ್ತಿದ್ದ ಶಾಂಭವಿ ಮತ್ತೆ ಮತ್ತೆ ಕನೆಕ್ಟ್ ಮಾಡಿ ನೋಡಿದಳು, ಸರ್ವರ್ ಸಿಗಲಿಲ್ಲ. ಸ್ಕೂಟರ್ ಹತ್ತಿ ಪೀಣ್ಯದ ಕಾರ್ಖಾನೆಗೆ ಓಡಿದಳು.

ಹಬ್ಬದ ದಿನ ಕಂಪನಿ ವೆಬ್‌ಸೈಟ್ ಯಾರೂ ನೋಡಲ್ಲ, ಅವತ್ತೇ ಮುಗಿಸಿಬಿಡು ಎಂದಿದ್ದವರು ಮಾಲೀಕ ರುದ್ರೇಶ್. ನಾಳೆ ಏಳೂವರೆಗೆ ಪಂಪುಗಳ ಲಾರಿ ಹುಬ್ಬಳ್ಳಿಗೆ ಹೊರಡಬೇಕು. ವೆಬ್‌ಸೈಟಿನಂತೆ ಅದರ ಗೇಟ್ ಪಾಸೂ ಬರುವುದು ಈ ಸರ್ವರಿನಿಂದಲೇ. ಬರದಿದ್ದರೆ, ಕೆಲಸ ಇನ್ನೂ ಕಾಯಂ ಆಗದ ಶಾಂಭವಿ ಮನೆಗೆ ಹೋಗಬೇಕಾದೀತು.

ಕಾರ್ಖಾನೆಯಲ್ಲಿ ಲೇತ್ ಯಂತ್ರಗಳಿಗೆಲ್ಲ ಚೆಂಡು ಹೂವಿನ ಹಾರ, ತಕ್ಕಡಿಗೆ ಕುಂಕುಮ, ಸ್ಟೇಪ್ಲರಿಗೂ ಕುಂಕುಮ. ಹಿರಿಯ ಫಿಟ್ಟರ್ ಲಕ್ಷ್ಮಯ್ಯ ಬಾಗಿಲಲ್ಲಿ ಒಡೆದ ಬೂದುಗುಂಬಳದ ಚೂರು ಗುಡಿಸುತ್ತಿದ್ದ. ಮೂಲೆಯ ಸರ್ವರಿಗೂ ವಿಭೂತಿ ಬಿದ್ದಿತ್ತು. ಅದರ ಒಂದು ಲೈಟೂ ಉರಿಯುತ್ತಿರಲಿಲ್ಲ.

"ಮೇನ್ ಸ್ವಿಚ್ ಯಾರ್ ಆಫ್ ಮಾಡಿದ್ರಿ?"

"ನಾನೇ ಕಣಮ್ಮ. ಪೂಜೆ ಆದ್ಮೇಲೆ ಇಲ್ಲಿ ಒಂದೂ ಓಡಂಗಿಲ್ಲ. ಆ ಯುಪಿಎಸ್ ಬ್ಯಾಟ್ರಿ ಡಬ್ಬ ಒಂದೇ ಸಮ ಪೀಂ ಪೀಂ ಅಂತ ಬಡ್ಕೊಳ್ತಿತ್ತು, ಅದ್ರ ವಯರೂ ಕಿತ್ತಾಕ್ದೆ."

"ಈಗ ಹಾಕ್ರಿ ಅಣ್ಣಾ."

"ನಾಳೆ ಏಳಕ್ಕೆ ಹೂ ತೆಗ್ದು ಪೂಜೆ ಕದಲಿಸ್ತೀನಿ. ಆಮೇಲೇಯ. ಓನರ್ ಬಂದು ನಿಂತ್ರೂ ಅಷ್ಟೇಯ."

ಶಾಂಭವಿಗೆ ಅಳುವೇ ಬಂತು. "ಅರ್ಧ ತಾಸಿನಾಗ ಮುಗಿಯೂ ಕೆಲಸ ಅಲ್ರಿ ಅದು. ಅದರೊಳಗ ಒಂದನ್ನೊಂದು ನೆಚ್ಚಿಕೊಂಡ ನಾನೂರು ಪ್ಯಾಕೇಜ್, ಅಂದ್ರ ಸಾಫ್ಟ್‌ವೇರಿನ ಬಿಡಿಭಾಗ, ಅದಾವ. ಹಳೇವು ತಗದು ಹೊಸಾವು ಕೂಡಿಸಾಕತ್ತಿದ್ದೆ. ಹೊಸಾದು ಬಂದು ಕುಂತೈತಿ, ಅದಕ್ಕ ಬೇಕಾದದ್ದು ಇನ್ನೂ ಬಂದಿಲ್ಲ. ನಿಮ್ಮ ಲೇತಿನ ಗೇರ್‌ಬಾಕ್ಸ್ ಬಿಚ್ಚಿ ನೆಲದ ಮ್ಯಾಲ ಇಟ್ಟಂಗ ಆಗೇತಿ."

ಪೊರಕೆ ನಿಂತಿತು. "ಬಿಚ್ಚಿಟ್ಟಿದ್ದಾ? ಬಿಚ್ಚಿಟ್ಟ ಮೆಷಿನ್‌ಗೆ ಪೂಜೆ ಮಾಡಿಸ್ಬಿಟ್ಟಲ್ಲಮ್ಮ ನನ್ ಕೈಲಿ."

ಆ ಶೆಡ್ಡಿನಲ್ಲಿ ಬಿಚ್ಚಿದ ಯಂತ್ರಕ್ಕೆ ಹೂ ಏರಿಸಿದವರಿಲ್ಲ. ಜೋಡಿಸಿ, ಒಂದು ಸಲ ಓಡಿಸಿ ನೋಡಿ, ಆಮೇಲೆಯೇ ಕುಂಕುಮ. ಲಕ್ಷ್ಮಯ್ಯ ತಾನೇ ಹೋಗಿ ವಯರು ಸಿಕ್ಕಿಸಿದ, ಮೇನ್ ಎತ್ತಿದ. "ಬೇಗ ಜೋಡ್ಸು. ದೇವ್ರು ಇನ್ನೂ ನೋಡಿರಾಕಿಲ್ಲ."

ಒಂದು ಪ್ಯಾಕೇಜ್ ಎರಡು ಸಲ ಮೊಂಡಾಟ ಮಾಡಿತು. ಮೂರು ಗಂಟೆಗೆ ಎಲ್ಲವೂ ಜಾಗಕ್ಕೆ ಕೂತವು. ಶಾಂಭವಿ ಒಂದು ಗೇಟ್ ಪಾಸ್ ಪ್ರಿಂಟ್ ತೆಗೆದು ಲಕ್ಷ್ಮಯ್ಯನ ಕೈಗೆ ಕೊಟ್ಟಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸರ್ವರಿಗೆ ಹೊಸದಾಗಿ ವಿಭೂತಿ ಎಳೆದು, ಕರ್ಪೂರ ಹಚ್ಚಿದ. ಅವಳ ಬೊಗಸೆಗೆ ಕಡ್ಲೆಪುರಿ ಸುರಿದ. ಆಮೇಲೆ ಮೇನ್ ಮೇಲೆ ಕೈಯಿಟ್ಟು, ಕೇಳಲೋ ಬೇಡವೋ ಎಂಬಂತೆ ಅವಳನ್ನೇ ನೋಡಿದ.

ಶಾಂಭವಿ ಲ್ಯಾಪ್‌ಟಾಪ್ ಮುಚ್ಚಿದಳು. "ಮಾಡ್ರಿ ಆಫ್."

ಗೇಟು ದಾಟುವಷ್ಟರಲ್ಲಿ ಮಾಲೀಕರ ಫೋನು. "ಏನಮ್ಮ, ಸೈಟ್ ಓಪನ್ನೇ ಆಗ್ತಿಲ್ಲ. ಅಪ್‌ಗ್ರೇಡ್ ಕೆಟ್ಟೋಯ್ತಾ?"

ಅವಳು ಬಾಯಲ್ಲಿದ್ದ ಕಡ್ಲೆಪುರಿ ನಿಧಾನವಾಗಿ ಅಗಿದು ನುಂಗಿದಳು.

"ಇಲ್ರಿ ಸರ, ಎಲ್ಲಾ ಪೂರ್ತಿ ಆಗೇತಿ. ಪೂಜೆನೂ ಆಗೇತಿ. ನಾಳೆ ಕದಲಿಸಿದ ಮ್ಯಾಲ ಬರ್ತೈತಿ."