ಕೋಟೆ ಬಾಗಿಲಿನ ಬೀಗ

ನಮ್ಮಜ್ಜಿಯ ಅಜ್ಜಿಗೂ ಹಿಂದಿನ ಕಾಲದಲ್ಲಿ, ಜರ್ಮನ್ ನಾಡಿನ ಒಂದು ಕೋಟೆಯ ಊರಿನಲ್ಲಿ ಒಬ್ಬಳು ಅತ್ತೆ ಇದ್ದಳು, ಅವಳಿಗೊಬ್ಬಳು ಸೊಸೆ ಇದ್ದಳು. ಒಂದು ದಿನ ಅತ್ತೆ ಓಟಿಲಿಯಾ ಬೀಗ ಮಾಡುವವರ ಸಂಘಕ್ಕೆ ಹೋಗಿ ಸೊಸೆ ಸಬೀನಾಳ ಮೇಲೆ ದೂರು ಕೊಟ್ಟು ಬಂದಳು.

ಮರುದಿನ ಬೆಳಿಗ್ಗೆಯೇ ಸಂಘದ ಹಿರಿಯ ಲೊರೆಂಟ್ಸ್ ಇಬ್ಬರು ಆಳುಗಳೊಂದಿಗೆ ಬಂದು ಬಾಗಿಲು ಬಡಿದ.

ದೂರು ಸಣ್ಣದಲ್ಲ: ಗಂಡನ ಬದಲು ಸೊಸೆಯೇ ಬೀಗ ಮಾಡುತ್ತಾಳೆ ಎಂದು. ಕಟ್ಟಳೆ ಊರಿಗೆಲ್ಲ ಬಾಯಿಪಾಠ: ಬೀಗದ ಕೈಗೊಂಚಲು ಹೆಂಗಸಿನ ಸೊಂಟದಲ್ಲಿ, ಕಬ್ಬಿಣ ಉಜ್ಜುವ ಅರ ಗಂಡಸಿನ ಕೈಯಲ್ಲಿ. ಹಾಗಿದ್ದರೇ ಮನೆ ಭದ್ರ, ಮನೆ ಭದ್ರವಿದ್ದರೇ ಊರು ಭದ್ರ. ಹೆಂಗಸು ಅರ ಮುಟ್ಟಿದ್ದು ಸಾಬೀತಾದರೆ ಕುಲುಮೆ ಒಡೆದು, ಮನೆಮಂದಿಯನ್ನೆಲ್ಲ ಕೋಟೆಯಾಚೆ ಅಟ್ಟುತ್ತಾರೆ. ಕೋಟೆಯಾಚೆ ಲೂಟಿಕೋರ ಸಿಪಾಯಿಗಳು ಅಲೆಯುತ್ತಿದ್ದರು.

ಸಬೀನಾಳ ಗಂಡ ಯೋರ್ಗ್ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡು ಮಲಗಿದ್ದ. ಕೋಟೆ ಬಾಗಿಲಿಗೆ ಹೊಸ ಬೀಗ ಮಾಡಿಕೊಡುತ್ತೇನೆಂದು ಮಾತು ಕೊಟ್ಟವನು ಅವನೇ. ಸಂತ ಮಿಖಾಯೇಲನ ಹಬ್ಬದ ಹೊತ್ತಿಗೆ ಬೀಗ ಕೈಗೆ ಬರಬೇಕು. ಹಬ್ಬ ನಾಳೆ.

"ಎರಡು ತಿಂಗಳಿಂದ ನೀನು ಬೀದಿಗೆ ಕಾಲಿಟ್ಟಿಲ್ಲ. ಅರದ ಸದ್ದು ಮಾತ್ರ ಬೀದಿಗೆ ಕೇಳ್ತಾನೇ ಇದೆ," ಎಂದ ಲೊರೆಂಟ್ಸ್.

"ಜ್ವರ ಇಳಿದಾಗ ಎದ್ದು ಮಾಡ್ತೀನಿ, ಹಿರಿಯರೇ."

"ಸುಳ್ಳು! ಹೆಂಡತಿ ಸೆರಗಿನಲ್ಲಿ ಅಡಗಿದಾನೆ," ಎಂದಳು ಓಟಿಲಿಯಾ. ಅವಳು ಒಲೆಯ ಬಳಿ ಕೂತು ಅಕ್ರೋಟಿನ ಹಸಿ ಸಿಪ್ಪೆ ಸುಲಿಯುತ್ತಿದ್ದಳು. ಅದರ ಕರೆ ಹತ್ತಿ ಬೆರಳು, ಅಂಗೈ ಎಲ್ಲ ಕಪ್ಪಾಗಿದ್ದವು. "ನೆಟ್ಟಗೆ ಒಂದು ರೊಟ್ಟಿ ಬೇಯಿಸೋಕೆ ಬರಲ್ಲ, ಅರ ಹಿಡೀತಾಳೆ ಬಜಾರಿ! ತೋರಿಸೇ ಕೈನ!"

ಸಬೀನಾ ಬಿಕ್ಕಿದಳು. "ನಾನೇನು ಅನ್ಯಾಯ ಮಾಡಿದ್ದೆ ಅತ್ತೆ ನಿಮಗೆ?"

"ಈ ಹೊಸಿಲು ದಾಟಿ ಒಳಗೆ ಬಂದೆಯಲ್ಲ, ಸಾಲದಾ?"

ಲೊರೆಂಟ್ಸ್ ಸೊಸೆಯ ಅಂಗೈಯನ್ನು ಬೆಳಕಿಗೆ ತಿರುಗಿಸಿದ. ಮೆತ್ತಗಿತ್ತು. ಉಗುರಿನಲ್ಲಿ ಹಿಟ್ಟು. ಒಂದೇ ಒಂದು ಜಡ್ಡಿಲ್ಲ. ಆದರೂ ಅರವನ್ನೂ ಕಬ್ಬಿಣದ ತುಂಡನ್ನೂ ಅವಳ ಮುಂದಿಟ್ಟ. ಅವಳು ಸೌಟು ಹಿಡಿದಂತೆ ಅರ ಹಿಡಿದಳು. ಅದು ಕಿರ್ರೆಂದು ಜಾರಿ ಅಡ್ಡ ಹೋಯಿತು.

ಓಟಿಲಿಯಾ ಕಿವಿ ಮುಚ್ಚಿಕೊಂಡಳು. "ಅಯ್ಯೋ, ನಿಲ್ಲಿಸೇ!"

"ಇರೋದೇ ಮೂರು ಹಲ್ಲು, ಅವೂ ಜುಮ್ಮೆಂದವಾ ಅಜ್ಜಿ?" ಆಳುಗಳು ನಕ್ಕರು.

ಲೊರೆಂಟ್ಸ್ ನಗಲಿಲ್ಲ. ಅರೆಬರೆ ಮುಗಿದ ಬೀಗವನ್ನು ಎತ್ತಿ ಬಹಳ ಹೊತ್ತು ನೋಡಿದ. "ಮೂವತ್ತು ವರ್ಷದ ಹಿಂದೆ ನಿನ್ನ ಗಂಡ ಸಂಘದ ಪೆಟ್ಟಿಗೆಗೆ ಬೀಗ ಮಾಡಿಕೊಟ್ಟಿದ್ದನಲ್ಲ, ಇದು ಅದೇ ಕೈ. ಅಪ್ಪನ ಕೈ ಮಗನಿಗೆ ಇಳಿದಿದೆ. ಹೆಂಗಸಿನಿಂದ ಆಗೋ ಕೆಲಸವೇನೇ ಇದು, ಮುದುಕಿ?"

ಮುದುಕಿ ತಲೆ ತಗ್ಗಿಸಿದಳು.

"ಸೊಸೆ ಮೇಲಿನ ಹೊಟ್ಟೆಕಿಚ್ಚಿಗೆ ಸಂಘವನ್ನೇ ಕುಣಿಸ್ತೀಯಾ? ಭಾನುವಾರ ಚಾಡಿಕಲ್ಲು ಕೊರಳಿಗೆ ಹಾಕ್ಕೊಂಡು ಚರ್ಚಿನ ಮುಂದೆ ನಿಂತ್ಕೋ. ಊರಿನ ಹೆಂಗಸರೆಲ್ಲ ನೋಡಲಿ."

ಹೊರಟಾಗ ಅವನು ಬಾಗಿಲಿಗೆ ಸಂಘದ ಮುದ್ರೆ ಒತ್ತಿದ. ಪರೀಕ್ಷೆಯಲ್ಲಿ ಗೆದ್ದ ಮನೆ ಅದು. ಇನ್ನು ಒಂದು ವರ್ಷ ಒಂದು ದಿನ ಅದೇ ದೂರನ್ನು ಯಾರು ತಂದರೂ ಸಂಘ ಕಿವಿಗೊಡುವಂತಿಲ್ಲ.

ಹೆಜ್ಜೆ ಸದ್ದು ಬೀದಿಯ ತುದಿ ಮುಟ್ಟುವವರೆಗೂ ಸಬೀನಾ ಬಾಗಿಲಿಗೆ ಕಿವಿಗೊಟ್ಟು ನಿಂತಳು. ಆಮೇಲೆ ಯೋರ್ಗ್ ಕಂಬಳಿಯಿಂದ ಬಲಗೈ ಹೊರತೆಗೆದ. ಚಮಚವನ್ನೂ ಹಿಡಿಯಲಾರದೆ ಅದು ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿತ್ತು.

ಸಬೀನಾ ಕಣ್ಣೊರೆಸಿಕೊಂಡಳು. ಈ ಸಲ ಅವು ನಿಜವಾದ ಕಣ್ಣೀರು. "ಆ ಕಲ್ಲು ತುಂಬಾ ಭಾರವಂತೆ, ಅತ್ತೆ."

"ನನ್ನ ಕೊರಳು ಗಟ್ಟಿಯಿದೆ. ಒಳ್ಳೆ ಅರದ ಹಲ್ಲು ಮುರಿದಿಟ್ಟೆಯಲ್ಲೇ, ಪುಣ್ಯಾತ್ಗಿತ್ತಿ! ಇನ್ನೊಂದು ತಾ ಇಲ್ಲಿ."

ಓಟಿಲಿಯಾ ಅಕ್ರೋಟಿನ ಬುಟ್ಟಿಯನ್ನು ಕಾಲಿನಿಂದ ಸರಿಸಿ, ಮೂವತ್ತು ವರ್ಷದಿಂದ ಅರ ಹಿಡಿದು ತಾನೇ ಕೂರುತ್ತಿದ್ದ ಮಣೆಯ ಮೇಲೆ ಕೂತಳು. ಹೊತ್ತು ಇಳಿಯುವ ಮೊದಲೇ ಕೋಟೆಯ ಬೀಗ ಟಕ್ಕೆಂದು ಕೂಡಿಕೊಂಡಿತು.