ಅಳುವಿನ ಕರಾರು

"ಅಳಬೇಕು ಅಂದರೆ ಎಷ್ಟು ಅಳಬೇಕು ಮಗಾ?" ಎಂದು ಕುಪ್ಪಾಯಿ ಕೇಳಿದಳು. "ಕಣ್ಣಂಚು ಒದ್ದೆಯಾದರೆ ಸಾಕಾ, ಗಂಟಲು ಬಿಚ್ಚಬೇಕಾ? ಈಗಲೇ ಹೇಳಿಬಿಡು. ಆಮೇಲೆ ಇದು ಅಳು ಅಲ್ಲ, ಅದು ಅಳು ಅಲ್ಲ ಅಂತ ತಕರಾರು ತೆಗೀಬೇಡ."

ಕದಿರವನ್ ಕೊಟ್ಟ ವೀಳ್ಯ ಅವಳ ಅಂಗೈ ಮೇಲಿತ್ತು. ಅವಳಿನ್ನೂ ಮುಷ್ಟಿ ಮುಚ್ಚಿರಲಿಲ್ಲ, ಮುಚ್ಚಿದರೆ ಒಪ್ಪಿದಂತೆ. ನಾಗಪಟ್ಟಣದ ದಕ್ಷಿಣಕ್ಕಿದ್ದ ಆ ಮೀನುಗಾರರ ಕೇರಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಒಪ್ಪಾರಿ ಎಂಬ ಸಾವಿನ ಹಾಡು ಹಾಡಿ ಮನೆಯವರನ್ನು ಅಳಿಸುವುದಕ್ಕೆ ಕುಪ್ಪಾಯಿಯೇ ಬರಬೇಕು.

"ಬಾಯಿಬಿಟ್ಟು ಅಳಬೇಕು ಚಿಕ್ಕಮ್ಮಾ," ಎಂದ ಕದಿರವನ್. ಅಲೆ ತಡೆಯಲು ಕಡಲಂಚಿಗೆ ಬಂಡೆ ಹಾಕಿಸುವ ಗುತ್ತಿಗೆದಾರ ಅವನು; ಮಾತು ಗಟ್ಟಿಮಾಡಿಕೊಳ್ಳದೆ ಒಂದು ಕಲ್ಲನ್ನೂ ಇಳಿಸಿದವನಲ್ಲ. "ಅಣ್ಣನ ದೋಣಿ ಮಗುಚಿ ತಿಂಗಳಾಯ್ತು. ಜೊತೆಗಿದ್ದವರೇ ಈಜಿ ಬಂದು ಹೇಳಿದಾರೆ, ಕಣ್ಣೆದುರಿಗೇ ಮುಳುಗಿದ ಅಂತ. ಊರೆಲ್ಲ ಅತ್ತರೂ ಅಮ್ಮ ಒಂದು ಹನಿ ಕಣ್ಣೀರು ಹಾಕಿಲ್ಲ. ಎರಡು ಗುಟುಕು ಗಂಜಿನೀರು ಬಿಟ್ಟರೆ ಏನೂ ಮುಟ್ಟಲ್ಲ. ಒಂದು ಸಲ ಅತ್ತುಬಿಟ್ಟರೆ ಉಳೀತಾಳೆ ಅಂತಾರೆ ಡಾಕ್ಟರು. ಅಣ್ಣನಂತೂ ಹೋದ. ಇವಳನ್ನಾದರೂ..."

"ನಮ್ಮ ಕರಾರೇ ಬೇರೆ ಮಗಾ. ಹೆಣ ಎತ್ತೋ ತನಕ ಹಾಡೋದು, ಎತ್ತಿದ ಮೇಲೆ ನಿಲ್ಲಿಸೋದು. ಇಲ್ಲಿ ಎತ್ತೋಕೆ ಏನಿದೆ? ಹಾಡು ಎಲ್ಲಿಗೆ ನಿಲ್ಲಿಸಲಿ?"

"ಅಮ್ಮ ಅತ್ತಾಗ ನಿಲ್ಲಿಸಿ. ಅವಳು ಅಳಲಿಲ್ಲ ಅಂದರೆ ಕೆಲಸ ಆಗಲಿಲ್ಲ ಅಂತಲೇ ಲೆಕ್ಕ."

"ಕಲ್ಲು ಹಾಕೋನ ಬುದ್ಧಿ ಎಲ್ಲಿಗೆ ಹೋಗುತ್ತೆ ಹೇಳು! ಕಲ್ಲಾದರೆ ಎಲ್ಲಿ ಹಾಕಿದೆಯೋ ಅಲ್ಲೇ ಬಿದ್ದಿರುತ್ತೆ, ನೀನು ಅಳತೆ ತಗೋತೀಯ," ಎಂದಳು ಕುಪ್ಪಾಯಿ. ಆದರೂ ಅವನ ಮುಖ ನೋಡಿ ಮುಷ್ಟಿ ಮುಚ್ಚಿದಳು. ವೀಳ್ಯವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಗಳದಲ್ಲಿ ಕಾಲು ನೀಡಿ ಕುಳಿತು, ಕಣ್ಣು ಮುಚ್ಚಿ ಹಾಡು ಎತ್ತಿದಳು:

ಅಂಗಳದ ಬಿಸಿಲು ತಾಗದ ಹಾಗೆ ಹೊತ್ತೆನಲ್ಲೋ ಕಂದಾ,
ನಡುಗಡಲ ಬಿಸಿಲಿಗೆ ನೆರಳು ಯಾರಾದರೋ,
ಯಾರಾದರೋ ನೆರಳು.

ಅಡುಗೆಮನೆಯ ಹೊಸ್ತಿಲಲ್ಲಿ ಕದಿರವನ್‌ನ ತಾಯಿ ಸೆಂದಾಮರೈ ಮೀನು ಹೆರೆಯುತ್ತಿದ್ದಳು. ಬೇಲಿಯಾಚೆ ನಿಂತಿದ್ದ ಹೆಂಗಸರು ಮೊದಲ ಸೊಲ್ಲಿಗೇ ಸೆರಗು ಬಾಯಿಗೆ ಒತ್ತಿಕೊಂಡರು. ಕದಿರವನ್ ಗೋಡೆಗೆ ಮುಖ ತಿರುಗಿಸಿದ. ಹೆತ್ತ ನೋವು, ಎದೆಹಾಲು, ಮೊದಲ ತೊದಲು, ಮೊದಲ ಬಲೆ, ಒಂದೊಂದನ್ನೂ ಕುಪ್ಪಾಯಿ ಹೆಸರು ಹಿಡಿದು ಕರೆದಳು. ಸೆಂದಾಮರೈ ಮೀನು ತೊಳೆದಳು, ಉಪ್ಪು ಹಚ್ಚಿದಳು, ಒಲೆ ಹೊತ್ತಿಸಿದಳು. ಹಾಡು ನಡೆದೇ ಇತ್ತು, ಸಾರು ಕುದಿಯಿತು.

ಆಮೇಲೆ ಅವಳು ಒಂದು ಬಾಳೆಲೆ ತಂದು ಕುಪ್ಪಾಯಿಯ ಮುಂದೆ ಹಾಸಿದಳು. ಅನ್ನ ಬಡಿಸಿದಳು, ಮೇಲೆ ಸಾರು ಬಿಟ್ಟಳು.

"ಗಂಟಲು ಒಣಗಿರುತ್ತೆ. ಉಣ್ಣು ಕುಪ್ಪಾಯಿ."

ಹಾಡು ನಿಂತುಹೋಯಿತು. "ಅಕ್ಕಾ, ನಾನು ಹಾಡೋಕೆ ಬಂದ ಮನೇಲಿ..."

"ಗೊತ್ತು. ನಮ್ಮ ಯಜಮಾನ್ರು ತೀರಿಕೊಂಡಾಗ ನೀನು ಬೆಳಗಿಂದ ಬೈಗಿನ ತನಕ ಹಾಡಿದೆ, ಒಂದು ತೊಟ್ಟು ನೀರು ಮುಟ್ಟಲಿಲ್ಲ. ಅವತ್ತು ನಾನೂ ಹೊರಳಾಡಿ ಅತ್ತೆ, ನೀನೇ ಹಿಡಿದು ಕೂರಿಸಿದೆ. ನನಗೇನು ಅಳೋಕೆ ಬರಲ್ಲ ಅಂದ್ಕೊಂಡ್ಯಾ? ಸಾವಿನ ಮನೇಲಿ ಹಾಡೋರು ಉಣ್ಣಲ್ಲ, ಸರಿ. ಇದು ಸಾವಿನ ಮನೆ ಅಲ್ಲವಲ್ಲ." ಸೆಂದಾಮರೈ ಎದುರಿಗೇ ಕುಳಿತಳು. "ಉಣ್ಣು. ನೀನು ಉಂಡರೆ ನಾನೂ ಉಣ್ತೀನಿ."

ಕುಪ್ಪಾಯಿ ತಲೆಯೆತ್ತಿ ಕದಿರವನ್‌ನನ್ನು ನೋಡಿದಳು. "ಮಗಾ, ನಾನು ಒಪ್ಪಿದ್ದು ಅಳಿಸೋಕೆ," ಎಂದಳು, ಮೆಲ್ಲಗೆ.

ಅವನು ತಾಯಿಯನ್ನು ನೋಡಿದ. ರವಿಕೆಯ ತೋಳು ಮೂಳೆಯ ಮೇಲೆ ಜೋತುಬಿದ್ದಿತ್ತು. ಕತ್ತಿನ ನರವೊಂದು ಹೊಡೆದುಕೊಳ್ಳುತ್ತಿತ್ತು.

"ಉಣ್ಣಿ ಚಿಕ್ಕಮ್ಮಾ," ಎಂದ.

ಕುಪ್ಪಾಯಿ ಸೊಂಟದಿಂದ ವೀಳ್ಯ ತೆಗೆದು ಅವನ ಕಾಲ ಬಳಿ ಇಟ್ಟಳು. ಕೈ ತೊಳೆದುಕೊಂಡು ಬಂದಳು. ಒಂದು ಕ್ಷಣ ಕೈಮುಗಿದು ಏನೋ ಗುನುಗಿದಳು. ಅದು ಹಾಡಲ್ಲ, ತಪ್ಪಾಯಿತೆಂದು ದೇವರಿಗೆ ಹೇಳಿಕೊಂಡದ್ದು. ಅನ್ನ ಕಲಸಿ ಬಾಯಿಗಿಟ್ಟಳು.

ಸೆಂದಾಮರೈ ಅವಳು ನುಂಗುವ ತನಕ ನೋಡಿದಳು. ಆಮೇಲೆ ತನಗೂ ಬಡಿಸಿಕೊಂಡಳು. ತಿಂಗಳಿಂದ ಅನ್ನ ಕಾಣದ ಕೈ ಒಂದಗುಳೂ ಚೆಲ್ಲಲಿಲ್ಲ. ಒಂದು ತುತ್ತು, ಮತ್ತೊಂದು, ಮುಳ್ಳು ಬಿಡಿಸಿ ಮೀನಿನ ಚೂರು. ಬೇಲಿಯಾಚೆಯ ಹೆಂಗಸರು ಒಬ್ಬೊಬ್ಬರೇ ಸರಿದು ಹೋದರು.

"ನೀನ್ಯಾಕೋ ಕಂಬದ ಥರ ನಿಂತಿದೀಯ? ಬಾ, ಕೂತ್ಕೋ," ಎಂದಳು ಮಗನಿಗೆ. "ಮೀನಿನ ತಲೆಭಾಗಕ್ಕೆ ಕೈ ಹಾಕಬೇಡ. ಅದು ನಿಮ್ಮಣ್ಣನಿಗೆ ಎತ್ತಿಟ್ಟಿದೀನಿ."

ಕದಿರವನ್ ಬಂದು ಅವಳು ಬಡಿಸಿದ ಎಲೆಯ ಮುಂದೆ ಕುಳಿತ. ತುತ್ತು ಎತ್ತಿದ. ಅದು ಬಾಯಿಗೆ ಹೋಗುವ ಮೊದಲೇ ಅವನ ಗಂಟಲು ಬಿಚ್ಚಿಕೊಂಡಿತು. ಬಂಡೆಯಂಥ ಆಳು, ಎಲೆಯ ಮೇಲೆ ಬಗ್ಗಿ, ಬಾಯಿಬಿಟ್ಟು, ಕೂಸಿನಂತೆ ಅತ್ತ.

ಸೆಂದಾಮರೈ ಎಡಗೈಯಿಂದ ಅವನ ಗಲ್ಲ ಹಿಡಿದೆತ್ತಿದಳು.

"ಥೂ, ಅನ್ನದ ಮುಂದೆ ಯಾರಾದರೂ ಅಳ್ತಾರೇನೋ? ಯಾರು ಸತ್ತರು ಅಂತ ಅಳ್ತಿದೀಯ, ಹೇಳು?"

ಅವನು ಕುಪ್ಪಾಯಿಯ ಕಡೆ ನೋಡಿದ. ಕುಪ್ಪಾಯಿ ತಲೆ ಬಗ್ಗಿಸಿಕೊಂಡು ಇನ್ನೊಂದು ತುತ್ತು ಕಲಸಿದಳು.