ಹಿಡಿ ಕೂರಿಸುವಾಗ ಮುರಿದದ್ದು

ಮೂರನೆಯ ಪೆಟ್ಟಿಗೆ ಚಾಕುವಿನ ಅಲಗು ಹಿಡಿಗೆ ಸೇರುವ ಕತ್ತಿನ ಹತ್ತಿರ ಟಣ್ಣೆಂದು ಮುರಿಯಿತು. ಕೊಂಬಿನ ಹಿಡಿ ಫಿದೆನ್ಸಿಯೊನ ಕೈಯಲ್ಲಿ ಉಳಿಯಿತು, ಅಲಗು ಅದನ್ನು ಕಚ್ಚಿ ಹಿಡಿದಿದ್ದ ವೈಸಿನ ಬಾಯಲ್ಲಿ.

ಮುರಿಯಲಿ ಎಂದೇ ಹೊಡೆದಿದ್ದ. ಹಿಡಿಯೊಳಗೆ ಹೋಗುವ ಬಾಲವನ್ನು ಮೊದಲು ಬೆಂಕಿಗೆ ಹಿಡಿದು, ನೀಲಿಗೆ ತಿರುಗುವವರೆಗೆ ಕಾಯಿಸಿ ಮೆದು ಮಾಡಬೇಕು. ಇಲ್ಲದಿದ್ದರೆ ಅದು ಪೆಟ್ಟು ತಾಳುವುದಿಲ್ಲ. ಎಹುತ್ಲಾ ಊರಿನ ಈ ಕುಲುಮೆಯಲ್ಲಿ ಅದು ಹಿಡಿ ಹಾಕುವವನ ಜವಾಬ್ದಾರಿ. ಇಷ್ಟು ವರ್ಷದಲ್ಲಿ ಫಿದೆನ್ಸಿಯೊ ಒಂದು ಸಲವೂ ಮರೆತವನಲ್ಲ. ಇವತ್ತೂ ಮರೆತಿರಲಿಲ್ಲ, ಬೇಕೆಂದೇ ಬಿಟ್ಟಿದ್ದ.

ಆ ಅಲಗನ್ನು ಬಡಿದು ಮಾಡಿದವನು ಅಬುಂದಿಯೊ, ಫಿದೆನ್ಸಿಯೊನ ತಂಗಿಯ ಗಂಡ. ಹದಿನೆಂಟು ವರ್ಷ ಅಲಗು, ಹಿಡಿ ಎರಡರ ಕೆಲಸವೂ ಫಿದೆನ್ಸಿಯೊನದೇ ಆಗಿತ್ತು. ಈ ಮಹಾಶಯ ಬಂದ ಮೇಲೆ ಅವನಿಗೆ ಹಿಡಿಯೊಂದೇ ಗತಿಯಾಯಿತು. ಸಂತೆಯಲ್ಲಿ ಗಿರಾಕಿಗಳು ಅಲಗಿನ ಮೇಲೆ ಬೆರಳಾಡಿಸಿ ಯಾರು ಮಾಡಿದ್ದು ಎಂದು ಕೇಳುತ್ತಿದ್ದರು. ಹಿಡಿಯನ್ನು ಹಿಡಿದುಕೊಂಡೇ ಕೇಳುತ್ತಿದ್ದರು, ಆದರೆ ಹಿಡಿ ಯಾರದೆಂದು ಒಬ್ಬನಾದರೂ ಕೇಳಬೇಕಲ್ಲ! ಅದು ಸಾಲದೆಂಬಂತೆ, ಮಂಡಿನೋವಿಗೆ ಸೋತ ನಿಕಾನೊರ್ ಮೇಸ್ತ್ರಿ ಅಲಗಿನ ಮೇಲೆ ಒತ್ತುವ ತಮ್ಮ ಹೆಸರಿನ ಅಚ್ಚನ್ನೂ ಕುಲುಮೆಯನ್ನೂ ಈ ವಾರವೇ ಇಬ್ಬರಲ್ಲಿ ಒಬ್ಬರಿಗೆ ಒಪ್ಪಿಸುವವರಿದ್ದರು.

ಸದ್ದು ಕೇಳಿ ಮೇಸ್ತ್ರಿ ಕುಂಟುತ್ತಾ ಬಂದರು. ಹಿಂದೆಯೇ ಅಬುಂದಿಯೊ.

"ಬೆಂಕಿ ಜಾಸ್ತಿ ಕೊಟ್ಟಿದ್ದಾನೆ ಮೇಸ್ತ್ರಿ," ಯಾರೂ ಕೇಳುವ ಮೊದಲೇ ಫಿದೆನ್ಸಿಯೊ ಹೇಳಿದ. "ಒಳಗೆಲ್ಲ ಸಕ್ಕರೆ ಆಗಿರುತ್ತೆ, ಬೇಕಾದ್ರೆ ನೋಡಿ."

ಅತಿಯಾಗಿ ಕಾದ ಉಕ್ಕು ಮುರಿದಾಗ ಒಳಗೆ ಹರಳು ಹರಳಾಗಿ ಕಾಣುತ್ತದೆ. ಅಬುಂದಿಯೊ ತಲೆ ಕೆರೆದುಕೊಂಡು, ಇದ್ದರೂ ಇರಬಹುದು ಎಂದ. ಮೇಸ್ತ್ರಿ ಎರಡೂ ತುಂಡುಗಳನ್ನು ಬಾಗಿಲಿನ ಬೆಳಕಿಗೆ ಒಯ್ದರು. ಹಿಡಿಯಿಂದ ಹೊರಗುಳಿದು, ನೀಲಿಯ ಸುಳಿವೇ ಇಲ್ಲದೆ ಬೆಳ್ಳಗೆ ಹೊಳೆಯುತ್ತಿದ್ದ ಬಾಲವನ್ನು ಹೆಬ್ಬೆರಳಿನಿಂದ ಒರೆಸಿ, ಒಮ್ಮೆ ಫಿದೆನ್ಸಿಯೊನತ್ತ ನೋಡಿದರು. ಆಮೇಲೆ ಮುರಿದ ಜಾಗವನ್ನು ತುಂಬ ಹೊತ್ತು ನೋಡಿ ಫಿದೆನ್ಸಿಯೊನನ್ನು ಕರೆದರು.

ಒಂದೇ ಒಂದು ಹರಳಿರಲಿಲ್ಲ. ಉಕ್ಕಿನ ಒಳಮೈ ಜರಡಿ ಹಿಡಿದ ಬೂದಿಯಷ್ಟು ನುಣ್ಣಗಿತ್ತು.

"ನಿನ್ನ ಕೈಯಲ್ಲಿ ಯಾವತ್ತಾದ್ರೂ ಇಷ್ಟು ನುಣ್ಣಗಿನ ಉಕ್ಕು ಬಂದಿದ್ಯಾ?" ಮೇಸ್ತ್ರಿ ಮೆಲ್ಲಗೆ ಕೇಳಿದರು. "ನನ್ನ ಕೈಯಲ್ಲಂತೂ ಬಂದಿಲ್ಲಪ್ಪ. ಮುರೀದೇ ಇದ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ."

ಫಿದೆನ್ಸಿಯೊಗೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ. ಇಲ್ಲ ಎಂದ. ಮೇಸ್ತ್ರಿ ಜೇಬಿನಿಂದ ಅಚ್ಚು ತೆಗೆದು ಅಬುಂದಿಯೊನ ಅಂಗೈಯಲ್ಲಿಟ್ಟು, ಕುಂಟುತ್ತಾ ಹೊರಗೆ ಹೋದರು.

ಅಬುಂದಿಯೊಗೆ ತಲೆಬುಡ ತಿಳಿಯಲಿಲ್ಲ. ಭಾವನ ಮುಖ ಕಪ್ಪಿಟ್ಟಿದ್ದು ಕಂಡು, ಅಲಗು ಹಾಳಾಯಿತೆಂಬ ಸಂಕಟವಿರಬೇಕು ಅಂದುಕೊಂಡ. ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ.

"ಇಷ್ಟಕ್ಕೆಲ್ಲ ಯಾಕೆ ಬೇಜಾರು ಮಾಡ್ಕೋತೀರಿ ಭಾವ? ನಾಳೆ ಇಂಥದ್ದೇ ಇನ್ನೊಂದು ಬಡಿದು ಕೊಡ್ತೀನಿ, ಬಿಡಿ."